ಬೊಂಬೆಯ ಮೈಬಣ್ಣ

ಆಟಿಕೆಗಳ ಇತಿಹಾಸವನ್ನು ನಾವು ಇತಿಹಾಸವೆಂದೇ ಎಣಿಸುವುದಿಲ್ಲ. ಆದರೆ 2003ರಲ್ಲಿ ಡೆನ್ಮಾರ್ಕಿನ ಲೆಗೋ ಸಂಸ್ಥೆ ಹೊರತಂದ ಬ್ಯಾಸ್ಕೆಟ್‌ಬಾಲ್ ಜೋಡಣೆಯ ಆಟಿಕೆಗಳಲ್ಲಿ ಒಂದು ಸಣ್ಣ ಚರಿತ್ರೆಯೇ ಅಡಗಿದೆ. ರಾಯಚೂರಿನ ನನ್ನ ಕಪಾಟಿನಲ್ಲಿ ಅಂಥದೊಂದು ಹಳೆಯ ಜೋಡಣೆಯಿದೆ. ಬೊಂಬೆಯ ಕಾಲಿನಲ್ಲಿ ಸ್ಪ್ರಿಂಗ್. ಒತ್ತಿ ಬಿಟ್ಟರೆ ಚೆಂಡು ಬುಟ್ಟಿಯತ್ತ ಚಿಮ್ಮುತ್ತದೆ. ಮಕ್ಕಳಿಗೆ ಅದೇ ಸೋಜಿಗ. ವಯಸ್ಸಾದ ಸಂಗ್ರಾಹಕನ ಕಣ್ಣು ನಿಲ್ಲುವುದು ಮಾತ್ರ ಮುಖದ ಬಣ್ಣದ ಮೇಲೆ.

1978ರಲ್ಲಿ ಬಂದ ಲೆಗೋ ಪುಟ್ಟ ಬೊಂಬೆಗಳಿಗೆ ಹಳದಿ ಮುಖ. ಅವು ಯಾವ ಜನಾಂಗಕ್ಕೂ ಸೇರದಿರಲೆಂಬುದು ಅದರ ಉದ್ದೇಶ. ಕೋಬಿ ಬ್ರಯಂಟ್, ಶಕೀಲ್ ಓನೀಲ್ ಅವರಂಥ ನಿಜವಾದ ಆಟಗಾರರನ್ನು ಬೊಂಬೆಯಾಗಿಸಲು ಹೊರಟಾಗ ಹಳದಿ ಸಾಲದಾಯಿತು. ಕಂದು ಮೈಬಣ್ಣ ಬಂದಿತು. ಮುಂದೆ ಸಿನಿಮಾ ಪಾತ್ರಗಳ ಬೊಂಬೆಗಳಿಗೂ ಇದೇ ಪದ್ಧತಿ ನೆಲೆಗೊಂಡಿತು.

ದೇವದುರ್ಗ, ಮಾನ್ವಿಯ ತರಗತಿಗಳಲ್ಲಿ ಮಕ್ಕಳು ಅಮ್ಮನ ಚಿತ್ರಕ್ಕೆ ತಿಳಿಗುಲಾಬಿ ಬಳಪವನ್ನೇ ಹುಡುಕುತ್ತಿದ್ದುದನ್ನು ಕಂಡಿದ್ದೇನೆ. ಅದಕ್ಕೆ 'ಸ್ಕಿನ್ ಕಲರ್' ಎಂದೇ ಹೆಸರು! ನಮ್ಮ ಬಿಸಿಲು ಸೀಮೆಯ ತಾಯಂದಿರ ಬಣ್ಣ ಅದಲ್ಲವೆಂದು ಓದುಗರಿಗೆ ಹೇಳಬೇಕಿಲ್ಲ. ಹಾಗೆ ನೋಡಿದರೆ, 1997ರವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದ ಕಿನ್ನಾಳದ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಜೋಡಿಸಿ, ದೇವರುಗಳ ಜೊತೆಗೆ ಹಳ್ಳಿಯ ಜನರನ್ನೂ ಬೊಂಬೆಯಾಗಿಸುತ್ತ ಬಂದವರು.

ಆಟದಲ್ಲಿ ತನ್ನವರ ಮುಖವನ್ನು ಕಾಣುವುದು ಮಗುವಿನ ಹಕ್ಕು. ಹಳದಿಯನ್ನು ದಾಟಿ ಅಲ್ಲಿಗೆ ತಲುಪಲು ಜಗತ್ಪ್ರಸಿದ್ಧ ಸಂಸ್ಥೆಯೊಂದಕ್ಕೆ 25 ವರ್ಷ ಹಿಡಿಯಿತು. ಬಳಪದ ಡಬ್ಬಿಯ ಮುಂದೆ ಕುಳಿತ ನಮ್ಮ ಮಗುವಿಗೆ ಕಂದು ಕಡ್ಡಿಯನ್ನು ತೋರಿಸಲು ಒಬ್ಬ ಮೇಷ್ಟರು ಸಾಕು.