ಏರಿಸಿದ ಪಾಠ, ಪ್ರಕಟವಾದ ಪಾಠ: ಹುತ್ರಿದುರ್ಗದ ಒಂದು ಘಟಕವನ್ನು ಮುಂದಿಟ್ಟುಕೊಂಡು

ಪ್ರಾದೇಶಿಕ ಇತಿಹಾಸದ ಪಾಠಕ್ಕೆ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗ ಹೇಳಿ ಮಾಡಿಸಿದ ಸ್ಥಳ. ಕೆಂಪೇಗೌಡರ ವಂಶದೊಂದಿಗೆ ಹೆಸರು ಬೆಸೆದುಕೊಂಡಿರುವ ಈ ಗಿರಿದುರ್ಗ ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಡಿಸೆಂಬರ್‌ನಲ್ಲಿ, ಸಾವನದುರ್ಗ ಬಿದ್ದ ಕೆಲವೇ ದಿನಗಳಲ್ಲಿ ಕಾರ್ನ್‌ವಾಲಿಸ್‌ನ ಸೇನೆಯ ವಶವಾಯಿತು. ತುಮಕೂರು ಜಿಲ್ಲೆಯ ಶಾಸನಗಳು ಬಿ.ಎಲ್. ರೈಸ್ 1904ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ 12ನೆಯ ಸಂಪುಟದಲ್ಲಿವೆ, ಅದರ ಹಕ್ಕುಸ್ವಾಮ್ಯದ ಅವಧಿಯೂ ಮುಗಿದಿದೆ. ಆಕರಗಳಿಗೆ ಕೊರತೆಯಿಲ್ಲ. ಇವುಗಳಿಂದ ಅಧ್ಯಾಪಕರೊಬ್ಬರು ಪಾಠ ಸಿದ್ಧಪಡಿಸಿ ಕಲಿಕಾ ನಿರ್ವಹಣಾ ವ್ಯವಸ್ಥೆಗೆ, ಅಂದರೆ ಎಲ್‌ಎಂಎಸ್‌ಗೆ, ಏರಿಸಿದರೆ ಅದು ಯಾರಿಗೆ, ಯಾವ ಸ್ಥಿತಿಯಲ್ಲಿ ತಲುಪುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಶಾಲೆಗಳಿಗೆ 2017ರಲ್ಲಿ ದೀಕ್ಷಾ ಎಂಬ ಡಿಜಿಟಲ್ ಕಲಿಕಾ ವೇದಿಕೆ ಬಂತು. ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಪಾಲಿಟೆಕ್ನಿಕ್‌ಗಳಿಗಾಗಿ ರಾಜ್ಯ ಸರ್ಕಾರ 2021ರಲ್ಲಿ ತನ್ನದೇ ಎಲ್‌ಎಂಎಸ್ ಆರಂಭಿಸಿತು. ವೇದಿಕೆಯ ಪ್ರಶ್ನೆ ಬಹುಮಟ್ಟಿಗೆ ಬಗೆಹರಿದಿದೆ. ಉಳಿದಿರುವುದು ಬರಹದ ಪ್ರಶ್ನೆ.

ನಮ್ಮ ಅಧ್ಯಾಪಕರ ಬಳಿ ವರ್ಷಗಳಿಂದ ಕೂಡಿಟ್ಟ ಟಿಪ್ಪಣಿಗಳಲ್ಲಿ ಬಹಳಷ್ಟು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿವೆ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದಂಥವು. ಪಿಡಿಎಫ್ ಮಾಡಿದಾಗ ಪುಟ ಕಣ್ಣಿಗೆ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಆದರೆ ವಿದ್ಯಾರ್ಥಿ ‘ಹುತ್ರಿದುರ್ಗ’ ಎಂದು ಯೂನಿಕೋಡ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಒಂದು ವಾಕ್ಯ ನಕಲು ಮಾಡಿಕೊಂಡರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ. ಪರದೆ ಓದುವ ತಂತ್ರಾಂಶ ಅಂಧ ವಿದ್ಯಾರ್ಥಿಗೆ ಅದನ್ನೇ ಓದಿ ಹೇಳುತ್ತದೆ. ಅಂದರೆ ಆ ವಿದ್ಯಾರ್ಥಿಯ ಪಾಲಿಗೆ ಪಾಠ ಪ್ರಕಟವಾಗಿಯೇ ಇಲ್ಲ. ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಕೊಟ್ಟಿತ್ತು. ಇಷ್ಟು ವರ್ಷಗಳ ಬಳಿಕವೂ ಈ ತೊಡಕು ಉಳಿದಿರುವುದನ್ನು ತಾಂತ್ರಿಕ ಮಿತಿ ಎನ್ನಲಾಗದು, ಇದು ಅಲಕ್ಷ್ಯ.

ಕಡತದ ರೂಪವೂ ಮುಖ್ಯ. ಮೂಡಲ್‌ನಂಥ ವ್ಯವಸ್ಥೆಯಲ್ಲಿ ಅದೇ ಪಾಠವನ್ನು ಕಡತವಾಗಿ ಲಗತ್ತಿಸಬಹುದು, ಇಲ್ಲವೇ ಪುಟವಾಗಿ ಬರೆಯಬಹುದು. ಪುಟವಾಗಿ ಬರೆದದ್ದು ಮೊಬೈಲಿನ ಅಗಲಕ್ಕೆ ತಾನೇ ಹೊಂದಿಕೊಳ್ಳುತ್ತದೆ. ಸ್ಕ್ಯಾನ್ ಮಾಡಿದ ಹಾಳೆಯನ್ನು ಬೆರಳಿನಿಂದ ಹಿಗ್ಗಿಸಿ, ಅತ್ತಿತ್ತ ಜರುಗಿಸಿ ಓದಬೇಕು. ಹಳ್ಳಿಗಳಿಂದ ಬರುವ ಎಷ್ಟೋ ಮಕ್ಕಳಿಗೆ ಮೊಬೈಲೇ ಪುಸ್ತಕ.

ಇನ್ನು ಲಾಗಿನ್‌ನ ಗೋಡೆ. ಕುಣಿಗಲ್ಲಿನ ಕಾಲೇಜೊಂದರ ಕೋರ್ಸಿನೊಳಗಿಟ್ಟ ಘಟಕ ಗುಬ್ಬಿಯ ಅಧ್ಯಾಪಕರಿಗೆ ಕಾಣದಿರಬಹುದು. ಕಂಡರೂ, ಪರವಾನಗಿ ನಮೂದಿಸದಿದ್ದರೆ ತಿದ್ದಿ ಮರುಪ್ರಕಟಿಸುವ ಹಕ್ಕು ಅವರಿಗಿಲ್ಲ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಹಾಗೂ ಐಟಿ ಫಾರ್ ಚೇಂಜ್ ಸಂಸ್ಥೆ ಜೊತೆಗೂಡಿ ಕಟ್ಟಿದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಯೋಜನೆ ಬೇರೆ ದಾರಿ ತೋರಿಸಿದೆ: ಅಲ್ಲಿ ಶಿಕ್ಷಕರೇ ಬರೆದದ್ದನ್ನು ಯಾರು ಬೇಕಾದರೂ ಓದಬಹುದು, ಮುಕ್ತ ಪರವಾನಗಿಯಡಿ ಬಳಸಬಹುದು.

ಜಿಲ್ಲೆಯ ಅಧ್ಯಾಪಕರಲ್ಲಿ ಕೋರಿಕೆ ಇಷ್ಟೇ: ಹಳೆಯ ಟಿಪ್ಪಣಿಗಳನ್ನು ಏರಿಸುವ ಮುನ್ನ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ನೋಡಿ ತಿದ್ದಿ, ಪರವಾನಗಿಯನ್ನು ಮೊದಲ ಪುಟದಲ್ಲೇ ಬರೆಯಿರಿ.