ಕಾಗದದಲ್ಲಿ ಮಾರುತ: ಬೆಂಗಳೂರಿನ ಯುದ್ಧವಿಮಾನವನ್ನು ಕಟ್ಟಿ ತಿಳಿಯುವುದು

ಆನಂದಪುರ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಶಾಲೆಗಳಿಂದ ಬೆಂಗಳೂರಿಗೆ ಪ್ರವಾಸ ಹೋದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ನೋಡದೆ ಬರುವುದು ಕಡಿಮೆ. ಅದರ ಅಂಗಳದಲ್ಲಿ ಚೂಪು ಮೂಗಿನ ಜೆಟ್ ವಿಮಾನವೊಂದು ನಿಂತಿದೆ. ಮಕ್ಕಳು ಅದರ ಮುಂದೆ ಫೋಟೊ ತೆಗೆಸಿಕೊಂಡು ಒಳಗೆ ಹೋಗುತ್ತಾರೆ. ಅದು ಎಚ್‌ಎಫ್-24 ಮಾರುತ, ಭಾರತದಲ್ಲೇ ವಿನ್ಯಾಸಗೊಂಡು ತಯಾರಾದ ಮೊದಲ ಜೆಟ್ ಯುದ್ಧವಿಮಾನ. ಹುಟ್ಟಿದ್ದು ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯಲ್ಲಿ.

ಈ ವಿಮಾನದ ಇತಿಹಾಸವನ್ನು ಓದಿ ತಿಳಿಯಬಹುದು. ಕಾಗದದಲ್ಲಿ ಅಳತೆಗೆ ಸರಿಯಾಗಿ ಕಟ್ಟಿಯೂ ತಿಳಿಯಬಹುದು. ಕಟ್ಟಿದರೆ ಒಂದು ಲಾಭವಿದೆ. ಮಾರುತ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎನ್ನುವುದು ಕೈಗೇ ಗೊತ್ತಾಗುತ್ತದೆ.

ಐವತ್ತರಲ್ಲಿ ಒಂದು

ನಿಜವಾದ ಮಾರುತದ ಉದ್ದ 15.87 ಮೀಟರ್. ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್. ಎತ್ತರ 3.6 ಮೀಟರ್. ಐವತ್ತರಲ್ಲಿ ಒಂದು ಪಾಲಿಗೆ ಇಳಿಸಿದರೆ ಉದ್ದ ಸುಮಾರು 32 ಸೆಂಟಿಮೀಟರ್, ರೆಕ್ಕೆ 18, ಎತ್ತರ 7 ಸೆಂಟಿಮೀಟರ್ ಆಗುತ್ತದೆ. ಬೇಕಾಗುವ ಸಾಮಾನು ಡ್ರಾಯಿಂಗ್ ಶೀಟ್, ಹಳೆಯ ಮದುವೆ ಕಾರ್ಡುಗಳು, ಕತ್ತರಿ, ಬ್ಲೇಡು, ಫೆವಿಕಾಲ್. ಮೈದಾ ಅಂಟು ಬೇಡ. ಅದರ ನೀರಿಗೆ ಕಾಗದ ಸುಕ್ಕಾಗುತ್ತದೆ.

ದಪ್ಪ ಕಾರ್ಡಿನಲ್ಲಿ ದುಂಡನೆಯ ಬಿಲ್ಲೆಗಳನ್ನು ಕತ್ತರಿಸಿ ಸಾಲಾಗಿ ನಿಲ್ಲಿಸಬೇಕು. ಅವು ವಿಮಾನದ ಪಕ್ಕೆಲುಬು. ಅವುಗಳ ಮೇಲೆ ತೆಳು ಕಾಗದದ ಹೊದಿಕೆ. ನಿಜವಾದ ವಿಮಾನದ ಮೈಯೂ ಇದೇ ಕ್ರಮದ್ದು. ಅಲ್ಲಿ ಪಕ್ಕೆಲುಬೂ ಲೋಹ, ಹೊದಿಕೆಯೂ ಲೋಹ, ಅಂಟಿನ ಬದಲು ರಿವೆಟ್.

ಕಷ್ಟ ಶುರುವಾಗುವುದು ಹೊದಿಕೆಯಲ್ಲಿ. ಅಡಿಕೆ ಹಾಳೆಯನ್ನು ನೆನೆಸಿ ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ, ಬಟ್ಟಲು ಏನು ಬೇಕಾದರೂ ಆಗುತ್ತದೆ. ಕಾಗದ ಹಾಗೆ ಮಣಿಯುವುದಿಲ್ಲ. ಕೊಳವೆಯ ಹಾಗೆ ಸುತ್ತಬಹುದು, ಕಡಲೆಕಾಯಿ ಪೊಟ್ಟಣದ ಹಾಗೆ ಸುತ್ತಬಹುದು, ಅಷ್ಟೆ. ಬಟ್ಟಲಿನ ಆಕಾರಕ್ಕೆ ತರಲು ಹೋದರೆ ಮುದುಡುತ್ತದೆ. ಹಾಗಾಗಿ ಮೈಯನ್ನು ಪೊಟ್ಟಣದ ತುಂಡುಗಳಂಥ ಬಳೆಗಳಾಗಿ ಕತ್ತರಿಸಿ ಒಂದಕ್ಕೊಂದು ಜೋಡಿಸುತ್ತಾರೆ.

ಜೋಡಿಸುತ್ತಾ ಹೋದಂತೆ ಮಾರುತದ ನಡು ಸಣ್ಣ ಎನ್ನುವುದು ಕಾಣುತ್ತದೆ. ರೆಕ್ಕೆ ಕೂರುವ ಜಾಗದಲ್ಲಿ ಮೈಯನ್ನು ಒಳಕ್ಕೆ ಹಿಂಡಿದ್ದಾರೆ. ಚಂದಕ್ಕೆ ಮಾಡಿದ್ದಲ್ಲ. ವಿಮಾನ ಶಬ್ದದ ವೇಗದ ಹತ್ತಿರ ಬಂದಾಗ ಗಾಳಿಯ ಅಡ್ಡಿ ಒಮ್ಮೆಲೇ ಏರುತ್ತದೆ. ಮೈ, ರೆಕ್ಕೆ ಎರಡೂ ಸೇರಿದ ಗಾತ್ರ ಹಠಾತ್ತಾಗಿ ಹಿಗ್ಗದೆ ನಿಧಾನವಾಗಿ ಬದಲಾದರೆ ಆ ಅಡ್ಡಿ ಕಡಿಮೆ. ರೆಕ್ಕೆ ಬರುವಲ್ಲಿ ಮೈ ಜಾಗ ಬಿಟ್ಟುಕೊಡುವುದು ಅದಕ್ಕೇ.

ಮರದ ಮಾರುತ

1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. 1951ರಲ್ಲಿ ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಎಚ್‌ಟಿ-2 ಎಂಬ ತರಬೇತಿ ವಿಮಾನ ಅಲ್ಲಿಂದ ಹಾರಿತು. ಜೆಟ್ ಯುದ್ಧವಿಮಾನ ಮಾಡಿದ ಅನುಭವ ಮಾತ್ರ ಇಲ್ಲಿ ಯಾರಿಗೂ ಇರಲಿಲ್ಲ. 1956ರಲ್ಲಿ ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ತಮ್ಮ ತಂಡದೊಂದಿಗೆ ಬೆಂಗಳೂರಿಗೆ ಬಂದರು. ಎರಡನೇ ಮಹಾಯುದ್ಧದ ಫೋಕ್-ವುಲ್ಫ್ 190 ಇವರ ಕೈಯದೇ.

ಟ್ಯಾಂಕ್ ತಂಡ ಮತ್ತು ನಮ್ಮ ಎಂಜಿನಿಯರುಗಳು ನೇರವಾಗಿ ಲೋಹಕ್ಕೆ ಕೈ ಹಾಕಲಿಲ್ಲ. ಮೊದಲು ಮರದಲ್ಲಿ ಮಾಡಿದರು. ಚಿಕ್ಕದಲ್ಲ, ವಿಮಾನದಷ್ಟೇ ದೊಡ್ಡದು. ಇಬ್ಬರು ಕೂರುವ, ಎಂಜಿನ್ ಇಲ್ಲದ ಗ್ಲೈಡರ್. 1959ರಲ್ಲಿ ಅದನ್ನು ಡಕೋಟಾ ವಿಮಾನದ ಹಿಂದೆ ಕಟ್ಟಿ ಮೇಲಕ್ಕೆ ಎಳೆದೊಯ್ದು ಬಿಟ್ಟು ಪರೀಕ್ಷಿಸಿದರು.

ಅಷ್ಟು ದೊಡ್ಡದು ಯಾಕೆ ಬೇಕಿತ್ತು? ನಿಮ್ಮ ಕಾಗದದ ಮಾದರಿಯನ್ನೇ ಕೇಳಿ. ಉದ್ದ 50 ಪಟ್ಟು ಇಳಿದಾಗ ರೆಕ್ಕೆಯ ವಿಸ್ತೀರ್ಣ 50×50, ಅಂದರೆ 2,500 ಪಟ್ಟು ಇಳಿಯುತ್ತದೆ. ತೂಕ 50×50×50, ಅಂದರೆ 1,25,000 ಪಟ್ಟು ಇಳಿಯಬೇಕು. ಇಂಧನ ತುಂಬಿದ ಮಾರುತ ಸುಮಾರು 9 ಟನ್ ತೂಗುತ್ತಿತ್ತು. ಆ ಲೆಕ್ಕದಲ್ಲಿ ನಿಮ್ಮ ಮಾದರಿ 72 ಗ್ರಾಂ ಇರಬೇಕು. ಎಲ್ಲವೂ ಒಂದೇ ಪಾಲಿನಲ್ಲಿ ಇಳಿಯದ ಕಾರಣ ಚಿಕ್ಕದು ದೊಡ್ಡದರ ಹಾಗೆ ಹಾರುವುದಿಲ್ಲ. ಪೈಲಟ್ ಕೈಗೆ ವಿಮಾನ ಹೇಗೆ ಮಣಿಯುತ್ತದೆ, ಇಳಿಯುವಾಗ ಹೇಗೆ ವರ್ತಿಸುತ್ತದೆ ಎಂದು ತಿಳಿಯಲು ಪೂರ್ತಿ ಗಾತ್ರದ್ದೇ ಬೇಕು.

ಮಾದರಿ ಎಂದರೆ ಆಟಿಕೆ ಮಾತ್ರ ಅಲ್ಲ ಎಂಬುದಕ್ಕೆ ಇನ್ನೊಂದು ಉದಾಹರಣೆ ಅಮೆರಿಕದ್ದು. 1942ರಲ್ಲಿ ಅಲ್ಲಿನ ನೌಕಾಪಡೆ ಶಾಲಾ ಮಕ್ಕಳಿಂದ 5 ಲಕ್ಷ ಮಾದರಿ ವಿಮಾನ ಮಾಡಿಸಲು ಹೊರಟಿತು. 72ರಲ್ಲಿ ಒಂದು ಪಾಲಿನ, ಕಪ್ಪು ಬಣ್ಣದ ಮರದ ವಿಮಾನಗಳು. ಆಕಾಶದಲ್ಲಿ ಬರುತ್ತಿರುವುದು ನಮ್ಮದೋ ಶತ್ರುವಿನದೋ ಎಂದು ಸೈನಿಕರು ಅವನ್ನು ನೋಡಿ ಕಲಿತರು.

ಎಂಜಿನ್ ಬಾರದ ಕಥೆ

1961ರ ಜೂನ್ 17ರಂದು ಲೋಹದ ಮಾರುತ ಹಾರಿತು. ನಡೆಸಿದವರು ಸುರಂಜನ್ ದಾಸ್. 1964ರಲ್ಲಿ, ನಮ್ಮ ಕಡೆ ಲಿಂಗನಮಕ್ಕಿ ಅಣೆಕಟ್ಟು ಮುಗಿದ ವರ್ಷವೇ, ಮೊದಲ ವಿಮಾನಗಳು ವಾಯುಪಡೆಯ ಕೈ ಸೇರಿದವು.

ಆದರೆ ಒಳಗಿದ್ದದ್ದು ಅಂದುಕೊಂಡ ಎಂಜಿನ್ ಅಲ್ಲ. ಬ್ರಿಟನ್ನಿನ ಆರ್ಫಿಯಸ್ 12 ಎಂಜಿನ್ ಬರುತ್ತದೆಂದು ನಂಬಿ ಮೈ ರೂಪಿಸಿದ್ದರು. ಒಂದೊಂದರ ನೂಕುಬಲ ಸುಮಾರು 3,700 ಕಿಲೋ. ಅದನ್ನು ಬೆಳೆಸಲು ಬೇಕಾದ ಹಣ ಕೊಡಲು ಭಾರತ ಸರ್ಕಾರ ಒಪ್ಪಲಿಲ್ಲ, ಎಂಜಿನ್ ಬರಲಿಲ್ಲ. ಕೊನೆಗೆ ಕೂರಿಸಿದ್ದು ಸುಮಾರು 2,200 ಕಿಲೋ ನೂಕುಬಲದ ಆರ್ಫಿಯಸ್ 703. ಟ್ರ್ಯಾಕ್ಟರ್ ಮೈಗೆ ಟಿಲ್ಲರ್ ಎಂಜಿನ್ ಹಾಕಿದ ಹಾಗಾಯಿತು. ಶಬ್ದದ ಎರಡು ಪಟ್ಟು ವೇಗ ಗುರಿಯಾಗಿದ್ದ ವಿಮಾನ ಶಬ್ದದ ವೇಗದ ಆಸುಪಾಸಿನಲ್ಲೇ ಉಳಿಯಿತು. ಈಜಿಪ್ಟಿನ ಎಂಜಿನ್ ಹಾಕಿಯೂ ನೋಡಿದರು. ಅದೂ ದಡ ಮುಟ್ಟಲಿಲ್ಲ.

ಇದ್ದ ಎಂಜಿನ್ನಿಗೇ ಬಲ ತುಂಬಲು ಹಿಂಬದಿಯಲ್ಲಿ ಇಂಧನ ಉರಿಸುವ ಆಫ್ಟರ್‌ಬರ್ನರ್ ಜೋಡಿಸಿದ ಮಾರುತವನ್ನು ಹಾರಿಸುವಾಗ, 1970ರ ಜನವರಿ 10ರಂದು, ಸುರಂಜನ್ ದಾಸ್ ತೀರಿಕೊಂಡರು. ವಿಮಾನ ನೆಲ ಬಿಟ್ಟ ಸ್ವಲ್ಪದರಲ್ಲೇ ಬಿದ್ದಿತ್ತು. ಬೆಂಗಳೂರಿನ ಹಳೇ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವ ಸುರಂಜನ್ ದಾಸ್ ರಸ್ತೆ ಅವರದೇ ಹೆಸರಿನದು. ಆ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ನಮ್ಮೂರ ಹುಡುಗರು ಎಷ್ಟೋ ಮಂದಿ, ಆ ಹೆಸರು ಯಾರದೆಂದು ಕೇಳಿದವರು ಕಡಿಮೆ.

ಹಾಗೆಂದು ಮಾರುತ ಸೋತ ವಿಮಾನ ಎನ್ನುವುದೂ ನ್ಯಾಯವಲ್ಲ. 1971ರ ಡಿಸೆಂಬರಿನ ಯುದ್ಧದಲ್ಲಿ ರಾಜಸ್ಥಾನದ ಉತ್ತರ್‌ಲಾಯಿ, ಜೋಧಪುರ ನೆಲೆಗಳಿಂದ ಹಾರಿತು. ನೆಲದಿಂದ ಬಂದ ಗುಂಡಿಗೆ ಕೆಲವು ಬಲಿಯಾದವು, ಆಕಾಶದ ಕಾಳಗದಲ್ಲಿ ಒಂದೂ ಬೀಳಲಿಲ್ಲ. ಒಂದು ಎಂಜಿನ್ ಕೆಟ್ಟಾಗ ಇನ್ನೊಂದರ ಬಲದಲ್ಲೇ ನೆಲೆಗೆ ಮರಳಿದ್ದೂ ಉಂಟು. ಒಟ್ಟು 147 ಮಾರುತಗಳು ತಯಾರಾಗಿ, 1990ರ ಹೊತ್ತಿಗೆ ಎಲ್ಲವೂ ನಿವೃತ್ತಿಯಾದವು.

ಈಗ ಕಾಗದದ ಮಾರುತದ ಹಿಂಬದಿ ನೋಡಿ. ಅಕ್ಕಪಕ್ಕ ಎರಡು ಕೊಳವೆ. ಅವನ್ನು ಸುತ್ತಿ ಅಂಟಿಸಲು ಐದು ನಿಮಿಷ ಸಾಕು, ಇಡೀ ಮಾದರಿಯಲ್ಲಿ ಎಲ್ಲಕ್ಕಿಂತ ಸುಲಭದ ಕೆಲಸ ಅದು. ನಿಜವಾದ ವಿಮಾನದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಅದೇ ಆಯಿತು. ಆಕಾರದ ಪ್ರಶ್ನೆಗೆ ಮಾದರಿ ಉತ್ತರ ಕೊಡುತ್ತದೆ. ಬೆಂಗಳೂರಿನಲ್ಲಿ ಮರದ ಗ್ಲೈಡರ್ ಕೊಟ್ಟ ಉತ್ತರ ಸರಿಯಾಗಿಯೇ ಇತ್ತು. ಎಂಜಿನ್ ಯಾರು ಕೊಡುತ್ತಾರೆ ಎಂಬ ಪ್ರಶ್ನೆಗೆ ಯಾವ ಮಾದರಿಯಲ್ಲೂ ಉತ್ತರ ಸಿಗುವುದಿಲ್ಲ.

ರಜೆಯಲ್ಲಿ ಮಕ್ಕಳ ಜೊತೆ ಒಂದು ಮಾಡಿ ನೋಡಿ. ಮಳೆಗಾಲಕ್ಕೆ ಮೊದಲು ವಾರ್ನಿಷ್ ಹೊಡೆದು ಬೆಚ್ಚಗಿನ ಜಾಗದಲ್ಲಿಡಿ. ನಮ್ಮ ಮಲೆನಾಡಿನ ಥಂಡಿಗೆ ಕಾಗದದ ರೆಕ್ಕೆ ಒಂದೇ ವಾರದಲ್ಲಿ ಜೋತು ಬೀಳುತ್ತದೆ.