ಮೇ ತಿಂಗಳ ತರಗತಿ

ಮುಂಬಯಿ ಹಾರ್ಬರ್ ಲೈನಿನ ಲೇಡೀಸ್ ಡಬ್ಬಿಯಲ್ಲಿ ಆರು ಮಂದಿ ಹೆಂಗಸರು ಎದುರುಬದುರು ಕೂತಿದ್ದಾರೆ ಎಂದುಕೊಳ್ಳಿ. ಯಾರಿಗೆ ಯಾರ ಪರಿಚಯವಿದೆಯೋ ನಮಗೆ ಗೊತ್ತಿಲ್ಲ. ಆದರೂ ಒಂದು ಮಾತನ್ನು ಖಚಿತವಾಗಿ ಹೇಳಬಹುದು. ಆ ಆರು ಮಂದಿಯಲ್ಲಿ ಪರಸ್ಪರ ಪರಿಚಿತರಾದ ಮೂವರು ಇರಲೇಬೇಕು, ಇಲ್ಲವೇ ಪರಸ್ಪರ ಅಪರಿಚಿತರಾದ ಮೂವರಾದರೂ ಇರಬೇಕು.

ಹೇಗೆಂದರೆ, ಕಿಟಕಿ ಪಕ್ಕದವಳನ್ನು ಹಿಡಿಯೋಣ. ಉಳಿದ ಐವರಲ್ಲಿ ಕಡೇಪಕ್ಷ ಮೂವರು ಅವಳಿಗೆ ಪರಿಚಿತರು, ಅಥವಾ ಕಡೇಪಕ್ಷ ಮೂವರು ಅಪರಿಚಿತರು. ಮೂವರು ಪರಿಚಿತರು ಎಂದಿಟ್ಟುಕೊಂಡರೆ, ಆ ಮೂವರಲ್ಲಿ ಯಾರಾದರೂ ಇಬ್ಬರಿಗೆ ತಮ್ಮೊಳಗೆ ಪರಿಚಯವಿದ್ದರೆ ಆ ಇಬ್ಬರು ಮತ್ತು ಕಿಟಕಿಯವಳು ಸೇರಿ ಮೂವರಾದರು. ಯಾರಿಗೂ ಪರಿಚಯವಿಲ್ಲದಿದ್ದರೆ ಆ ಮೂವರೇ ಪರಸ್ಪರ ಅಪರಿಚಿತರು. ಮೂವರು ಅಪರಿಚಿತರು ಎಂದು ಹಿಡಿದರೂ ಇದೇ ವಾದವನ್ನು ತಿರುಗಿಸಿ ಹೇಳಿದರಾಯಿತು.

ಹಂಗೇರಿಯ ವಿದ್ಯಾರ್ಥಿಗಳ ಸ್ಪರ್ಧೆಯಲ್ಲಿ 1947ರಲ್ಲಿ ಕೇಳಿದ ಪ್ರಶ್ನೆ ಇದು. ಇದಕ್ಕೆ ಸೂತ್ರ ಬೇಡ, ಬಾಯಿಪಾಠ ಬೇಡ, ಎಂಟನೇ ಕ್ಲಾಸಿನ ಹುಡುಗಿಯೂ ಬಿಡಿಸಬಹುದು. ಬೇಕಾದದ್ದು ಪುರುಸೊತ್ತು, ಜೊತೆಗೆ ಕೂತು ವಾದ ಮಾಡುವವರು, ಮತ್ತು 'ಇದರಿಂದ ಎಷ್ಟು ಮಾರ್ಕು ಬರುತ್ತೆ?' ಎಂದು ಕೇಳದ ದೊಡ್ಡವರು. ಶಾಲಾ ವರ್ಷದ ಒಳಗೆ ಈ ಮೂರೂ ಒಟ್ಟಿಗೆ ಸಿಗುವುದು ಅಪರೂಪ. ಆದ್ದರಿಂದಲೇ ಜಗತ್ತಿನ ಹಲವು ಕಡೆ ಗಣಿತದ ಶಿಬಿರಗಳು ಬೇಸಿಗೆ ರಜೆಯಲ್ಲಿ ಹುಟ್ಟಿಕೊಂಡವು.

ಆ ಲೋಕಲ್ ಗಾಡಿಯನ್ನು ಆಂಟಾಪ್ ಹಿಲ್‌ನವರು ಗುರು ತೇಗ್ ಬಹಾದೂರ್ ನಗರದಲ್ಲಿ ಹತ್ತುತ್ತಾರೆ. ಕೇಂದ್ರ ಸರ್ಕಾರಿ ನೌಕರರ ಕ್ವಾರ್ಟರ್ಸು, ಗುಡ್ಡಕ್ಕೆ ಅಂಟಿಕೊಂಡ ಜೋಪಡಿಗಳು, ಹೊಸ ಗೋಪುರಗಳು ಒಂದರ ಮಗ್ಗುಲಲ್ಲಿ ಒಂದು ಇರುವ ಜಾಗ ಅದು. ಒಂದು ಕಡೆ ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯ ಶಾಲೆ, ಇನ್ನೊಂದು ಕಡೆ ಮಾಟುಂಗಾದ ಮೈಸೂರು ಅಸೋಸಿಯೇಷನ್. ಪನ್ವೇಲ್ ಕಡೆಯ ಗಾಡಿಯಲ್ಲಿ ಚುನಾಭಟ್ಟಿ, ಕುರ್ಲಾ, ತಿಲಕ್ ನಗರ, ಚೆಂಬೂರ್, ಗೋವಂಡಿ ದಾಟಿದರೆ ಆರನೆಯ ಸ್ಟೇಷನ್ನೇ ಮಾನ್‌ಖುರ್ದ್. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1974ರಲ್ಲಿ ಆರಂಭಿಸಿದ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಇರುವುದು ಅಲ್ಲಿ. ದೇಶದ ಗಣಿತ ಒಲಿಂಪಿಯಾಡ್ ತಂಡವನ್ನು ಆರಿಸುವ ಬೇಸಿಗೆ ಶಿಬಿರ ಎಷ್ಟೋ ವರ್ಷ ನಡೆದದ್ದೂ ಅಲ್ಲೇ. ನಕ್ಷೆಯಲ್ಲಿ ಆರು ಸ್ಟೇಷನ್ನಿನ ದೂರ. ಹೈಸ್ಕೂಲಿನ ಹುಡುಗಿಯೊಬ್ಬಳಿಗೆ ಅದು ನಿಜವಾಗಿ ಎಷ್ಟು ದೂರ ಎಂಬುದಕ್ಕೆ ಒಂದು ಚರಿತ್ರೆಯಿದೆ.

ಲೀಲಾವತಿಯ ಘಳಿಗೆ ಬಟ್ಟಲು

ಹುಡುಗಿಯನ್ನು ಕರೆದು ಲೆಕ್ಕ ಕೇಳುವುದು ನಮ್ಮಲ್ಲಿ ಹಳೆಯದು. 1150ರ ಸುಮಾರಿಗೆ ಭಾಸ್ಕರಾಚಾರ್ಯ ಬರೆದ 'ಲೀಲಾವತಿ'ಯಲ್ಲಿ ಎಷ್ಟೋ ಲೆಕ್ಕಗಳು ಒಬ್ಬ ಬಾಲೆಯನ್ನು ಸಂಬೋಧಿಸಿಯೇ ಇವೆ. ದುಂಬಿಗಳ ಹಿಂಡು ಯಾವ ಹೂವಿಗೆ ಎಷ್ಟು ಹೋಯಿತು, ಒಟ್ಟು ಎಷ್ಟಿದ್ದವು, ಹೇಳು ಎನ್ನುವ ಧಾಟಿ. ಅದೇ ಶತಮಾನದಲ್ಲಿ ಕನ್ನಡದಲ್ಲಿ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಬರೆದ ರಾಜಾದಿತ್ಯನ ಕೃತಿಗಳಲ್ಲೂ 'ಲೀಲಾವತಿ' ಎಂಬ ಹೆಸರಿನದೊಂದಿದೆ.

ಆ ಬಾಲೆ ಯಾರು ಎಂಬುದಕ್ಕೆ ಪ್ರಸಿದ್ಧವಾದ ಕಥೆ ಬರುವುದು ನಾಲ್ಕು ಶತಮಾನ ಕಳೆದ ಮೇಲೆ, ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಮಾಡಿದ ಪಾರಸಿ ಅನುವಾದದಲ್ಲಿ. ಲೀಲಾವತಿ ಭಾಸ್ಕರನ ಮಗಳು. ಮದುವೆಯ ಮುಹೂರ್ತ ತಿಳಿಯಲು ಇಟ್ಟಿದ್ದ ಘಳಿಗೆ ಬಟ್ಟಲಿನೊಳಗೆ ಅವಳು ಬಗ್ಗಿ ನೋಡಿದಾಗ ಅವಳ ಮುತ್ತೊಂದು ಬಿದ್ದು ತೂತು ಮುಚ್ಚಿತು. ಮುಹೂರ್ತ ಮೀರಿತು, ಮದುವೆ ತಪ್ಪಿತು. ಮಗಳ ಸಮಾಧಾನಕ್ಕೆ ತಂದೆ ಅವಳ ಹೆಸರಿನಲ್ಲಿ ಪುಸ್ತಕ ಬರೆದ.

ಇದು ನಡೆದದ್ದಕ್ಕೆ ಆಧಾರವಿಲ್ಲ. ಆದರೆ ಹೇಳುವವರ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಕಥೆ ಬಿಟ್ಟುಕೊಡುತ್ತದೆ. ಹುಡುಗಿಗೆ ಗಣಿತ ಸಿಕ್ಕಿದ್ದು ಮದುವೆ ತಪ್ಪಿದ್ದರಿಂದ. ತಪ್ಪದಿದ್ದರೆ ಅವಳಿಗೆ ಲೆಕ್ಕಕ್ಕೆ ಹೊತ್ತೆಲ್ಲಿ?

ಹೊತ್ತು ನೋಡಿ ತೆರೆದ ಶಾಲೆ

ಹೊತ್ತಿನ ಪ್ರಶ್ನೆ ಮುಂಬಯಿ ಕನ್ನಡಿಗರಿಗೆ ಹೊಸದಲ್ಲ. ಕರಾವಳಿಯಿಂದ ಬಂದು ಹೋಟೆಲುಗಳಲ್ಲಿ ಕೆಲಸಕ್ಕೆ ನಿಂತ ಹುಡುಗರಿಗಾಗಿ ಇಲ್ಲಿನ ಸಂಘಗಳು ಇಪ್ಪತ್ತನೆಯ ಶತಮಾನದಲ್ಲಿ ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದವು. ಹಗಲು ಕಪ್ಪು ಬಸಿ ತೊಳೆದವರು ರಾತ್ರಿ ಮೆಟ್ರಿಕ್ ಓದಿದರು. ಅವರಲ್ಲಿ ಮುಂದೆ ವಕೀಲರಾದವರು, ಬ್ಯಾಂಕು ಸೇರಿದವರು, ಸ್ವಂತ ಹೋಟೆಲು ತೆರೆದವರು ಎಷ್ಟೋ ಮಂದಿ. ಆ ಹುಡುಗರಿಗೆ ಬುದ್ಧಿಯಿಲ್ಲ ಎಂದು ಯಾರೂ ಹೇಳಲಿಲ್ಲ. ಅವರಿಗೆ ಬಿಡುವಿದ್ದ ಹೊತ್ತಿನಲ್ಲಿ ಶಾಲೆಯ ಬಾಗಿಲು ಮುಚ್ಚಿರುತ್ತಿತ್ತು, ಅಷ್ಟೆ. ಬಾಗಿಲು ತೆರೆಯುವ ಹೊತ್ತನ್ನು ಬದಲಿಸಿದ್ದೇ ದೊಡ್ಡ ಸುಧಾರಣೆಯಾಯಿತು.

ಆದರೆ ರಾತ್ರಿಯ ಹೊತ್ತು ಹುಡುಗಿಯರದಾಗಿರಲಿಲ್ಲ. ಬೇಸಿಗೆಯಾದರೂ ಅವರದೇ? ಪರೀಕ್ಷೆ ಮುಗಿದ ಮರುವಾರ ಕುಟುಂಬ ಊರಿಗೆ ಹೊರಡುತ್ತದೆ. ಅಲ್ಲಿ ಹಪ್ಪಳ, ಸಂಡಿಗೆ, ಮದುವೆ, ಪೂಜೆ, ಚಿಕ್ಕಮಕ್ಕಳ ಉಸ್ತುವಾರಿ. ಮುಂಬಯಿಯಲ್ಲೇ ಉಳಿದರೆ ಅಮ್ಮ ಕೆಲಸಕ್ಕೆ ಹೋದ ಮನೆಯನ್ನು ನೋಡಿಕೊಳ್ಳಬೇಕು. ಅಣ್ಣ ಶಿಬಿರಕ್ಕೆ ಹೋಗುತ್ತೇನೆ ಎಂದರೆ ಖರ್ಚಿನ ಮಾತು ಬರುತ್ತದೆ. ತಂಗಿ ಹೋಗುತ್ತೇನೆ ಎಂದರೆ ಖರ್ಚಿಗಿಂತ ಮುಂಚೆ 'ರಾತ್ರಿ ಎಲ್ಲಿ ಉಳಿಯುವುದು, ಜೊತೆಗೆ ಯಾರು?' ಎಂಬ ಮಾತು ಬರುತ್ತದೆ.

ಬೆಂಗಳೂರಿನಿಂದ ಮುಂಬಯಿಗೆ

ರಾಷ್ಟ್ರೀಯ ಉನ್ನತ ಗಣಿತ ಮಂಡಳಿ ಸ್ಥಾಪನೆಯಾದದ್ದು 1983ರಲ್ಲಿ. ಅದರ ಆಸರೆಯಲ್ಲಿ ಗಣಿತ ಒಲಿಂಪಿಯಾಡ್ ದೇಶದಲ್ಲಿ ಬೇರುಬಿಟ್ಟಿತು. ಭಾರತದ ತಂಡ ಮೊದಲ ಬಾರಿಗೆ ಅಂತರರಾಷ್ಟ್ರೀಯ ಸ್ಪರ್ಧೆಗೆ ಹೋದದ್ದು 1989ರಲ್ಲಿ, ಜರ್ಮನಿಗೆ. ಈ ಕೆಲಸದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ಸಿ. ಆರ್. ಪ್ರಾಣೇಶಾಚಾರ್, ಬಿ. ಜೆ. ವೆಂಕಟಾಚಲ, ಸಿ. ಎಸ್. ಯೋಗಾನಂದ ಈ ಮೂವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೂತು ಪ್ರಶ್ನೆಗಳನ್ನು ಹೊಸೆದರು, ಮಕ್ಕಳಿಗೆ ಪಾಠ ಹೇಳಿದರು, ತಯಾರಿಗೆ ಪುಸ್ತಕ ಬರೆದರು.

ಪ್ರಾದೇಶಿಕ ಪರೀಕ್ಷೆ, ಅದರಲ್ಲಿ ಗೆದ್ದವರಿಗೆ ರಾಷ್ಟ್ರೀಯ ಪರೀಕ್ಷೆ, ಅಲ್ಲಿಂದ ಆಯ್ದ ಕೆಲವರಿಗೆ ಬೇಸಿಗೆ ಶಿಬಿರ, ಕೊನೆಗೆ ಆರು ಜನರ ತಂಡ. 1996ರಲ್ಲಿ ಸ್ಪರ್ಧೆಯೇ ಮುಂಬಯಿಗೆ ಬಂತು. 75 ದೇಶಗಳ 424 ವಿದ್ಯಾರ್ಥಿಗಳು ಮಳೆಗಾಲದ ಜುಲೈನಲ್ಲಿ ಈ ನಗರದಲ್ಲಿ ಕೂತು ಬರೆದರು. ಅಂಥ ಸ್ಪರ್ಧೆಯ ಕೋಣೆಯಲ್ಲಿ ಹುಡುಗಿಯರು ಇಂದಿಗೂ ಹತ್ತರಲ್ಲಿ ಒಬ್ಬಳಷ್ಟೇ.

ಇದಕ್ಕೆ ಹುಡುಗಿಯರ ಬುದ್ಧಿಯೇ ಕಾರಣ ಎನ್ನುವವರಿಗೆ ಟೆಹರಾನಿನಲ್ಲಿ ಉತ್ತರವಿದೆ. 1990ರ ದಶಕದಲ್ಲಿ ಅಲ್ಲಿನ ಬಾಲಕಿಯರ ಶಾಲೆಯೊಂದರಲ್ಲಿ ಓದುತ್ತಿದ್ದ ಮರಿಯಂ ಮಿರ್ಜಾಖಾನಿ ಮತ್ತು ಗೆಳತಿ ರೋಯಾ ಬೆಹೆಷ್ತಿ ತಮ್ಮ ಮುಖ್ಯೋಪಾಧ್ಯಾಯಿನಿಯ ಬಳಿ ಹೋಗಿ, ಹುಡುಗರ ಶಾಲೆಯಲ್ಲಿ ನಡೆಯುವಂಥ ಸಮಸ್ಯೆ ಬಿಡಿಸುವ ತರಗತಿ ನಮಗೂ ಬೇಕು ಎಂದರು. ಇರಾನಿನ ತಂಡದಲ್ಲಿ ಅದುವರೆಗೆ ಹುಡುಗಿಯರೇ ಇರಲಿಲ್ಲ. ಆದರೂ ಆಕೆ ಒಪ್ಪಿ ತರಗತಿ ಏರ್ಪಡಿಸಿದರು. 1994ರಲ್ಲಿ ಇಬ್ಬರೂ ತಂಡ ಸೇರಿದರು. ಮಿರ್ಜಾಖಾನಿ ಆ ವರ್ಷ ಚಿನ್ನ ಗೆದ್ದರು, ಮರುವರ್ಷ ಟೊರಾಂಟೊದಲ್ಲಿ 42ಕ್ಕೆ 42 ಅಂಕದೊಂದಿಗೆ ಇನ್ನೊಂದು ಚಿನ್ನ. 2014ರಲ್ಲಿ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆಯಾದರು. ಕಥೆಯ ಕೊಂಡಿ ಇರುವುದು ಮುಖ್ಯೋಪಾಧ್ಯಾಯಿನಿ ತೆರೆಸಿದ ಆ ಒಂದು ಕೋಣೆಯಲ್ಲಿ.

ಬೇರೆ ಕೋಣೆ ಏಕೆ?

ಹುಡುಗಿಯರಿಗೇ ಪ್ರತ್ಯೇಕವಾದ ಗಣಿತ ಶಿಬಿರ, ಸ್ಪರ್ಧೆಗಳು ಬಂದದ್ದು ಹೆಚ್ಚುಕಮ್ಮಿ ಇದೇ ಕಾಲದಲ್ಲಿ. ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯ 1997ರಲ್ಲಿ ಹೈಸ್ಕೂಲು ಹುಡುಗಿಯರಿಗೆ ಒಂದು ವಾರದ ಬೇಸಿಗೆ ಶಿಬಿರ ಆರಂಭಿಸಿತು. ಗುಪ್ತಲಿಪಿ ಬಿಡಿಸುವುದು ಅಲ್ಲಿನ ಮುಖ್ಯ ಪಾಠ. ಚೀನಾ 2002ರಲ್ಲಿ ಬಾಲಕಿಯರ ಗಣಿತ ಒಲಿಂಪಿಯಾಡ್ ನಡೆಸಿತು. ಅದನ್ನು ನೋಡಿ ಬ್ರಿಟನ್ನಿನವರು 2012ರಲ್ಲಿ ಕೇಂಬ್ರಿಜ್‌ನಲ್ಲಿ ಯುರೋಪಿಯನ್ ಬಾಲಕಿಯರ ಒಲಿಂಪಿಯಾಡ್‌ಗೆ ನಾಂದಿ ಹಾಡಿದರು. ಭಾರತ ಅದಕ್ಕೆ ನಾಲ್ವರ ತಂಡ ಕಳಿಸತೊಡಗಿದ್ದು 2015ರಿಂದ. ಆ ತಂಡವನ್ನು ಆರಿಸಲು ಹುಡುಗಿಯರದೇ ತರಬೇತಿ ಶಿಬಿರವೂ ಹುಟ್ಟಿಕೊಂಡಿತು.

'ಗಣಿತಕ್ಕೆ ಗಂಡು ಹೆಣ್ಣು ಉಂಟೇ? ಇದು ರಿಯಾಯಿತಿಯಲ್ಲವೇ?' ಎಂಬ ತಕರಾರು ಎಲ್ಲ ಕಡೆಯೂ ಎದ್ದಿದೆ. ಪ್ರಶ್ನೆ ನ್ಯಾಯವಾದದ್ದೇ. ಬಾಲಕಿಯರ ಸ್ಪರ್ಧೆಯಲ್ಲೂ ಎರಡು ದಿನ, ದಿನಕ್ಕೆ ನಾಲ್ಕೂವರೆ ಗಂಟೆ, ಮೂರು ಮೂರು ಪ್ರಶ್ನೆ, ಒಂದೊಂದಕ್ಕೆ ಏಳು ಅಂಕ. ಮುಖ್ಯ ಒಲಿಂಪಿಯಾಡ್‌ನದ್ದೇ ಅಚ್ಚು. ರಿಯಾಯಿತಿ ಸಿಕ್ಕಿದ್ದು ಉತ್ತರಪತ್ರಿಕೆಗಲ್ಲ, ಒಬ್ಬಂಟಿತನಕ್ಕೆ. ಮೂವತ್ತು ಹುಡುಗರ ನಡುವೆ ಒಬ್ಬಳೇ ಕೂತವಳು ತಪ್ಪು ಉತ್ತರ ಹೇಳಿದರೆ ಅದು ಎಲ್ಲ ಹುಡುಗಿಯರ ತಪ್ಪಾಗುತ್ತದೆ. ಮೂವತ್ತು ಹುಡುಗಿಯರ ನಡುವೆ ಅದು ಬರೀ ಒಂದು ತಪ್ಪು, ಒರೆಸಿ ಮತ್ತೆ ಬರೆಯಬಹುದು.

ಒಬ್ಬಂಟಿ ದಾರಿಯಲ್ಲಿ ಸಾಗಿ ಬಂದವರೂ ಇದ್ದಾರೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದಿದ ಸುಜಾತಾ ರಾಮದೊರೈ ಎಂ.ಎಸ್‌ಸಿ.ಯನ್ನು ಅಂಚೆ ಶಿಕ್ಷಣದಲ್ಲಿ ಮುಗಿಸಿ ಮುಂಬಯಿಯ ಟಾಟಾ ಸಂಸ್ಥೆಗೆ ಬಂದರು. ಅಲ್ಲಿ ಆರ್. ಪರಿಮಳಾ ಅವರ ಮಾರ್ಗದರ್ಶನ ಸಿಕ್ಕಿತು. 2006ರಲ್ಲಿ ರಾಮಾನುಜನ್ ಪ್ರಶಸ್ತಿ ಪಡೆದ ಮೊದಲ ಭಾರತೀಯರು ಅವರು. ಹಾಗೆ ನೋಡಿದರೆ ಅವರಿಗೂ ಒಂದು ಹಂತದಲ್ಲಿ ಜೊತೆ ಸಿಕ್ಕಿತು. ಸಿಗದವರ ಹೆಸರು ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಇಪ್ಪತ್ತೊಂದು ಮತ್ತು ಏಕವೀಸ

ಈ ಚರಿತ್ರೆಯಲ್ಲಿ ನೆನೆಯಬೇಕಾದ ಇನ್ನೊಂದು ಹೆಸರು ಮಂಗಲಾ ನಾರ್ಳೀಕರ್ (1943–2023). 1964ರಲ್ಲಿ ಬಾಂಬೆ ವಿಶ್ವವಿದ್ಯಾಲಯದ ಗಣಿತ ಎಂ.ಎ.ಯಲ್ಲಿ ಚಿನ್ನದ ಪದಕ ಪಡೆದು ಅವರು ಟಾಟಾ ಸಂಸ್ಥೆ ಸೇರಿದರು. ಆಮೇಲೆ ಮದುವೆ, ಕೇಂಬ್ರಿಜ್ ವಾಸ, ಮೂವರು ಹೆಣ್ಣುಮಕ್ಕಳು. ಪಿಎಚ್.ಡಿ. ಕೈಗೆ ಬಂದದ್ದು 1981ರಲ್ಲಿ. ಲೀಲಾವತಿಯ ಕಥೆಯನ್ನು ಅವರು ತಿರುವಿಹಾಕಿದರು ಎನ್ನಬೇಕು. ಮದುವೆ ತಪ್ಪಲಿಲ್ಲ, ಗಣಿತವನ್ನೂ ಬಿಡಲಿಲ್ಲ. ಆದರೆ ಚಿನ್ನದ ಪದಕಕ್ಕೂ ಡಾಕ್ಟರೇಟಿಗೂ ನಡುವೆ ಹದಿನೇಳು ವರ್ಷ ಹಿಡಿಯಿತು.

ಮಕ್ಕಳಿಗಾಗಿ ಮರಾಠಿಯಲ್ಲಿ ಗಣಿತದ ಪುಸ್ತಕ ಬರೆದ ಅವರು ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯ ಗಣಿತ ಸಮಿತಿಗೆ ಅಧ್ಯಕ್ಷರಾಗಿದ್ದಾಗ, 2019ರಲ್ಲಿ ಎರಡನೇ ತರಗತಿಯ ಪುಸ್ತಕದಲ್ಲಿ ಸಂಖ್ಯೆ ಓದುವ ಹೊಸ ಕ್ರಮವೊಂದು ಬಂತು. ಮರಾಠಿಯಲ್ಲಿ 21 ಎಂದರೆ 'ಏಕವೀಸ'. ಬರೆಯುವಾಗ ಎರಡು ಮೊದಲು, ಹೇಳುವಾಗ ಒಂದು ಮೊದಲು. 59 ಎಂದರೆ 'ಏಕೋಣಸಾಠ', ಅಂದರೆ ಅರವತ್ತಕ್ಕೆ ಒಂದು ಕಡಿಮೆ. ಕಲಿಯುವ ಮಗು ತಡವರಿಸುತ್ತದೆ, ಆದ್ದರಿಂದ 'ವೀಸ ಏಕ' ಎಂದೂ ಹೇಳಬಹುದು ಎಂಬುದು ಸಮಿತಿಯ ಸಲಹೆ. ಭಾಷೆ ಕೆಟ್ಟಿತು ಎಂದು ರಾಜ್ಯವೆಲ್ಲ ಗುಲ್ಲಾಯಿತು. ಕನ್ನಡದ ಮನೆಯಿಂದ ಮರಾಠಿ ಶಾಲೆಗೆ ಹೋಗುವ ಮಗುವಿಗೆ ಈ ಜಗಳದ ಒಳಗುಟ್ಟು ಬೇಗ ಹೊಳೆಯುತ್ತದೆ. ನಮ್ಮ 'ಇಪ್ಪತ್ತೊಂದು' ಬರೆದ ಕ್ರಮದಲ್ಲೇ ಇದೆ, 'ಐವತ್ತೊಂಬತ್ತು' ಕೂಡ. ಮರಾಠಿ ಮಗು ಅಲ್ಲಿ ತಡವರಿಸಿದರೆ ದೋಷ ಮಗುವಿನ ತಲೆಯದಲ್ಲ. ನಾರ್ಳೀಕರ್ ಅವರ ಸಲಹೆಯ ಹಿಂದಿದ್ದದ್ದು ಇಷ್ಟೇ ವಿವೇಕ: ಎಡವಿದವರನ್ನು ಬೈಯುವ ಮೊದಲು ಹೊಸಿಲು ಎಷ್ಟು ಎತ್ತರವಿದೆ ಎಂದು ಅಳೆಯಿರಿ.

ಶಿಬಿರಕ್ಕೂ ಮೊದಲಿನ ಶಿಬಿರ

ಒಲಿಂಪಿಯಾಡ್ ಶಿಬಿರಗಳಿಗೆ ಒಂದು ಮಿತಿಯಿದೆ. ಅವು ಈಗಾಗಲೇ ತಯಾರಾದವರನ್ನು ಆರಿಸುತ್ತವೆ. ಪರೀಕ್ಷೆಯೊಂದಿದೆ ಎಂಬ ಸುದ್ದಿ ತಲುಪಿದ, ಹಳೆಯ ಪ್ರಶ್ನೆಗಳನ್ನು ಬಿಡಿಸಿ ನೋಡಿದ, ಭಾನುವಾರ ಪರೀಕ್ಷಾ ಕೇಂದ್ರಕ್ಕೆ ಕರೆದೊಯ್ಯುವವರಿದ್ದ ಮಕ್ಕಳಿಗೆ ಆ ಬಾಗಿಲು ಕಾಣುತ್ತದೆ. ಅರ್ನಾಲ್ಡ್ ರಾಸ್ 1957ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಬೇಸಿಗೆ ಶಿಬಿರದ ದಾರಿ ಬೇರೆ. ಅಲ್ಲಿ ಪದಕವಿಲ್ಲ, ತಂಡವಿಲ್ಲ. ಸರಳವಾದ ಸಂಖ್ಯೆಗಳನ್ನೇ ಹಿಡಿದು ವಾರಗಟ್ಟಲೆ ಆಳಕ್ಕೆ ಇಳಿಯುವುದೇ ಕೆಲಸ.

ಅಂಥದ್ದಕ್ಕೆ ದೊಡ್ಡ ಸಂಸ್ಥೆಯೇ ಬೇಕೆಂದಿಲ್ಲ. ವಡಾಲ, ಆಂಟಾಪ್ ಹಿಲ್, ಸಯಾನ್ ಸುತ್ತಿನ ಹತ್ತು ಹುಡುಗಿಯರು, ಒಂದು ಕರಿಹಲಗೆ, ಗಣಿತವನ್ನು ಪ್ರೀತಿಸುವ ಒಬ್ಬ ಟೀಚರು, ಮನೆಗೆ ನಡೆದು ಹೋಗುವಷ್ಟು ಹತ್ತಿರದ ಒಂದು ಕೋಣೆ, ಬೆಳಿಗ್ಗೆ ಎರಡು ಗಂಟೆ. ಮೇ ತಿಂಗಳಲ್ಲಿ ಊರಿಗೆ ಹೋಗುವವರು ಹೋಗಿ ಬರಲಿ, ಉಳಿದ ಮೂರು ವಾರ ಸಾಕು. ರಾತ್ರಿ ಎಲ್ಲಿ ಉಳಿಯುವುದು ಎಂಬ ಪ್ರಶ್ನೆಯೇ ಏಳುವುದಿಲ್ಲ. ಮೊದಲ ದಿನ ಲೇಡೀಸ್ ಡಬ್ಬಿಯ ಆರು ಹೆಂಗಸರ ಲೆಕ್ಕ ಕೊಡಬಹುದು. ಎರಡನೆಯ ದಿನ, ಆರರ ಬದಲು ಐವರಿದ್ದರೆ ಈ ಮಾತು ನಿಲ್ಲುತ್ತದೆಯೇ ಎಂದು ಕೇಳಬಹುದು. ನಿಲ್ಲುವುದಿಲ್ಲ. ಐವರನ್ನು ದುಂಡಗೆ ಕೂರಿಸಿ, ಪ್ರತಿಯೊಬ್ಬಳಿಗೂ ಅಕ್ಕಪಕ್ಕದ ಇಬ್ಬರದೇ ಪರಿಚಯ ಎಂದಿಟ್ಟುಕೊಂಡರೆ ಸಾಕು. ಅದನ್ನು ಹುಡುಗಿಯರೇ ಕಂಡುಕೊಳ್ಳಬೇಕು, ಹೇಳಿಕೊಡಬಾರದು.

ಹೋಟೆಲು ಹುಡುಗರ ಹೊತ್ತು ನೋಡಿ ಶಾಲೆ ತೆರೆದ ಊರು ಇದು. ಹುಡುಗಿಯರ ಹೊತ್ತು ನೋಡಿ ಒಂದು ಕೋಣೆಯ ಬೀಗ ತೆರೆಯುವುದು ಅದರ ಕೈಗೆ ಮೀರಿದ ಕೆಲಸವೇನಲ್ಲ.